ಕಟ್ಟಡದ ಅಂದ ಕಾಪಾಡುವ ದೃಷ್ಟಿಯಿಂದ

ಕಳೆದ ಭಾನುವಾರ ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಹಾಳೆ ಒಳಗೆ ಜಾರಿ ಬಂತು. ನಾವಿರುವ ಅಪಾರ್ಟ್‌ಮೆಂಟಿನ ಸಂಘದವರು ಹೊಸ ನಿಯಮಗಳ ಕರಡು ಮಾಡಿದ್ದಾರೆ. ಮೇಲುಗಡೆ ಕಾರ್ಯದರ್ಶಿಯವರು ಪೆನ್ಸಿಲಿನಲ್ಲಿ, ‘ಮೇಡಂ, ನಿಮ್ಮ ಕನ್ನಡ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ಸ್ವಲ್ಪ ತಿದ್ದಿಕೊಡಿ’ ಎಂದು ಬರೆದಿದ್ದರು. ಹೊಗಳಿಕೆಗೆ ನಾನು ಈ ವಯಸ್ಸಿನಲ್ಲೂ ಸುಲಭವಾಗಿ ಬೀಳುತ್ತೇನೆ. ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಹುಡುಕಿ ತಂದು ಕೂತೆ. ನೀರಿನ ನಿಯಮ, ಕಸದ ನಿಯಮ, ನಾಯಿಯ ನಿಯಮ ಎಲ್ಲ ದಾಟಿ ಆರನೆಯದಕ್ಕೆ ಬಂದೆ. ‘ರಸ್ತೆಗೆ ಮುಖ ಮಾಡಿದ ಕಿಟಕಿಗಳಲ್ಲಿ ಯಾವುದೇ ವಸ್ತುವನ್ನು ಇಡುವುದು, ಅಂಟಿಸುವುದು ಅಥವಾ ತೂಗುಹಾಕುವುದನ್ನು ನಿಷೇಧಿಸಲಾಗಿದೆ.’

ಪೆನ್ನು ಅಲ್ಲೇ ನಿಂತಿತು. ತಲೆ ಎತ್ತಿ ಫ್ಯಾನಿನ ಕಡೆ ನೋಡಿದೆ. ತಿರುಗುತ್ತಿತ್ತು. ಕಿಟಕಿಯ ಮಾತು ಬಂದರೆ ನಾನು ಫ್ಯಾನನ್ನು ಯಾಕೆ ನೋಡುತ್ತೇನೆ ಎಂದು ನನ್ನ ಮಕ್ಕಳು ಕೇಳುವುದನ್ನು ಬಿಟ್ಟಿದ್ದಾರೆ. ನೀವು ಕೇಳಿದರೆ ಹೇಳುತ್ತೇನೆ. ಆದರೆ ಅದಕ್ಕೆ ಸ್ವಲ್ಪ ಹಿಂದಕ್ಕೆ, ಹೊಸಪೇಟೆಯ ಚಿತ್ತವಾಡ್ಗಿಯ ಒಂದು ಬಾಡಿಗೆ ಮನೆಗೆ, ಎರಡು ಮಹಡಿ ಹತ್ತಿ ಬರಬೇಕಾಗುತ್ತದೆ.

ಗಣಿಯ ಕಾಲ ಅದು. ಹೊಸಪೇಟೆಯಲ್ಲಿ ಬಿಳಿ ಅಂಗಿ ಹಾಕಿಕೊಂಡು ಹೊರಗೆ ಹೋದವರು ಗುಲಾಬಿ ಅಂಗಿಯಲ್ಲಿ ಮನೆಗೆ ಬರುತ್ತಿದ್ದರು. ಅದಿರಿನ ಲಾರಿಗಳು ಸಂಡೂರಿನಿಂದ ಸಾಲುಗಟ್ಟಿ ಇಳಿಯುತ್ತಿದ್ದವು; ರಸ್ತೆ ದಾಟಲು ನಿಂತವರು ಪಕ್ಕದವರ ಸಂಸಾರದ ಕಥೆಯನ್ನೆಲ್ಲ ಕೇಳಿ ಮುಗಿಸಬಹುದಿತ್ತು. ನನ್ನ ಗಂಡ ಸಂಡೂರಿನ ಕಡೆ ಒಂದು ಗಣಿಯಲ್ಲಿ ಸರ್ವೆ ಕೆಲಸದಲ್ಲಿದ್ದರು. ಬೆಳಿಗ್ಗೆ ಕಂಪನಿಯ ಜೀಪು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಾನು ಬಿ.ಕಾಂ. ಮುಗಿಸಿ, ಊರಲ್ಲೇ ಒಂದು ಸಾಗಣೆ ಆಫೀಸಿನಲ್ಲಿ ಲಾರಿಗಳ ಪರ್ಮಿಟ್ ಬರೆಯುತ್ತಿದ್ದೆ. ಇಡೀ ಆಫೀಸಿನಲ್ಲಿ ನನ್ನ ಅಕ್ಷರವೇ ದುಂಡಗೆ ಎಂಬ ಹೆಮ್ಮೆ ಆಗ ನನ್ನ ನಡಿಗೆಯಲ್ಲೂ ಕಾಣುತ್ತಿತ್ತೇನೋ.

ಮನೆ ಪಂಪಣ್ಣ ಸಾವಕಾರರದು. ಕಂಪ್ಲಿಯಲ್ಲಿ ಅವರದೊಂದು ಅಕ್ಕಿ ಗಿರಣಿ ಇತ್ತು. ಹಣೆತುಂಬ ವಿಭೂತಿ, ಮೊಣಕಾಲು ನೋವು, ಒಂದು ಹಳೆಯ ಮೊಪೆಡ್. ಊರಿಗೆ ಹೊರಗಿನವರು ಬಂದು ತುಂಬಿ ಬಾಡಿಗೆ ಏರತೊಡಗಿದಾಗ ಅವರೂ ತಮ್ಮ ಹಳೆಯ ಮನೆಯ ಮೇಲೆ ಎರಡು ಅಂತಸ್ತು ಎಬ್ಬಿಸಿದ್ದರು. ಮೇಲಿನ ಅಂತಸ್ತುಗಳು ಕೆಳಗಿನ ಮನೆಗಿಂತ ಮೂರಡಿ ರಸ್ತೆಯ ಕಡೆ ಚಾಚಿಕೊಂಡಿದ್ದವು. ಕಂಪನಿಯವರಿಗೆ ಮುಂದುಗಡೆ ದೊಡ್ಡ ಹಾಲ್ ಬೇಕು ಎಂದು ಮೇಸ್ತ್ರಿ ಹೇಳಿದ್ದನಂತೆ. ನಮ್ಮ ಮಹಡಿಯ ಕಿಟಕಿಯ ಎದುರಿಗೆ, ಕೊಂಚ ದೂರದಲ್ಲಿ, ಮೂರು ಕರೆಂಟು ತಂತಿಗಳು ಅಡ್ಡ ಹಾದುಹೋಗಿದ್ದವು. ಸಂಜೆ ಅವುಗಳ ಮೇಲೆ ಕಾಗೆಗಳು ಕೂರುತ್ತಿದ್ದವು. ನಮ್ಮ ಮಟ್ಟಿಗೆ ಅದು ಕಾಗೆ ಕೂರುವ ಜಾಗ. ಊರಲ್ಲಿ ತಂತಿ ಇಲ್ಲದ ಬೀದಿ ಎಲ್ಲಿತ್ತು?

ಸಾವಕಾರರಿಗೆ ಒಂದು ಅಭ್ಯಾಸವಿತ್ತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ರಸ್ತೆಯ ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ತಮ್ಮ ಕಟ್ಟಡವನ್ನು ಕೆಳಗಿಂದ ಮೇಲಿನವರೆಗೆ ನೋಡುತ್ತಿದ್ದರು. ಐದು ನಿಮಿಷ, ಕೆಲವೊಮ್ಮೆ ಹತ್ತು. ನಾವು ಮೇಲಿನವರು ಪರದೆಯ ಹಿಂದೆ ನಿಂತು ನಗುತ್ತಿದ್ದೆವು. ಸ್ವಂತ ಮನೆಗೆ ಇಷ್ಟು ದೃಷ್ಟಿ ತಾಗಿಸುವವರನ್ನು ನಾನು ಬೇರೆ ಕಂಡಿರಲಿಲ್ಲ. ಅದಕ್ಕೇ ಇರಬೇಕು, ಕೆಳಗೆ ಅವರ ಬಾಗಿಲ ಮೇಲೆ ಹಲ್ಲು ಕಿರಿಯುವ ದೊಡ್ಡ ದೃಷ್ಟಿಗೊಂಬೆ ತೂಗುತ್ತಿತ್ತು.

ನಮ್ಮ ಮಹಡಿಯಲ್ಲಿ ಎರಡು ಮನೆ. ಎದುರು ಬಾಗಿಲಲ್ಲಿ ಯಶೋದಕ್ಕ ಇದ್ದಳು. ಟಿ.ಬಿ. ಡ್ಯಾಂ ಕಡೆಯ ಸರ್ಕಾರಿ ಶಾಲೆಯಲ್ಲಿ ಟೀಚರು. ಗಂಡ ಕುರೆಕುಪ್ಪದ ಹತ್ತಿರ ಫ್ಯಾಕ್ಟರಿಯಲ್ಲಿ ಶಿಫ್ಟು. ನನಗಿಂತ ಆರೇಳು ವರ್ಷ ದೊಡ್ಡವಳು. ನಾನು ಬಾಡಿಗೆಗೆ ಬಂದ ಮೊದಲ ವಾರ ಸೀಮೆಎಣ್ಣೆ ಸ್ಟೋವಿನಲ್ಲಿ ಒದ್ದಾಡುತ್ತಿದ್ದಾಗ, ಗ್ಯಾಸ್ ಬರುವ ತನಕ ನನ್ನಲ್ಲೇ ಮಾಡ್ಕೊ ಅಂತ ಅಡುಗೆಮನೆಯ ಅರ್ಧ ಕಟ್ಟೆ ಬಿಟ್ಟುಕೊಟ್ಟವಳು. ಅವಳು ರೊಟ್ಟಿ ಬಡಿಯುವುದನ್ನು ನೋಡುತ್ತಾ ನಾನು ಕಲಿತೆ. ಅವಳ ರೊಟ್ಟಿ ಹುಣ್ಣಿಮೆಯ ಚಂದ್ರ, ನನ್ನದು ಕರ್ನಾಟಕದ ನಕಾಶೆ ಎಂದು ತಾನೇ ಹೇಳಿ ತಾನೇ ನಗುತ್ತಿದ್ದಳು.

ಅವರು ಬೌದ್ಧರು. ಅವಳ ಅಪ್ಪನ ಕಾಲದಲ್ಲೇ ಆದವರು. ಮನೆ ಕೊಡುವಾಗ ಸಾವಕಾರರು ಸರ್ಕಾರಿ ನೌಕರಿ ಎಂದು ಕೇಳಿ ಕೊಟ್ಟಿದ್ದರು. ಉಳಿದದ್ದನ್ನು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಆಮೇಲೆ ಗೊತ್ತಾಗಿತ್ತು. ಗೊತ್ತಾದ ಮೇಲೆ ಯಾರೂ ಏನೂ ಅನ್ನಲಿಲ್ಲ. ಸಾವಕಾರರ ಹೆಂಡತಿ ಮೊದಲು ಯಶೋದಕ್ಕನ ಕೈಗೆ ಕೊಡುತ್ತಿದ್ದ ಕರಿಬೇವನ್ನು ಮೆಟ್ಟಿಲ ಮೇಲೆ ಇಟ್ಟು ಕೂಗತೊಡಗಿದರು, ಅಷ್ಟೇ.

ನಿಯಮಗಳು ಹುಟ್ಟಿದ್ದು ಒಂದನೇ ಮಹಡಿಯವರ ಒಳಬಟ್ಟೆಗಳಿಂದ. ಅಲ್ಲಿದ್ದವರು ಮೂರು ಟಿಪ್ಪರ್ ಲಾರಿಯ ಮಾಲೀಕರು. ಅವರ ಮನೆಯ ಚಡ್ಡಿ ಬನಿಯನ್ನುಗಳು ಮುಂದಿನ ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದಲ್ಲಿ ಒಣಗುತ್ತಿದ್ದವು. ಒಂದು ದಿನ ಸಾವಕಾರರು ಮೇಲೆ ಬಂದು, ನಮ್ಮ ಹೊಸ್ತಿಲ ಆಚೆ ನಿಂತು, ನನಗೊಂದು ಕೆಲಸ ಒಪ್ಪಿಸಿದರು. ‘ನಿನ್ನ ಅಕ್ಷರ ಚಲೋ ಅದಾವಂತಲ್ಲವ್ವ. ಮೆಟ್ಟಿಲ ಹತ್ರ ಒಂದು ಬೋರ್ಡ್ ಹಾಕಸ್ತೀನಿ. ಮುಂದಿನ ಕಿಟಕ್ಯಾಗ ಯಾರೂ ಏನೂ ಇಡಬಾರ್ದು, ಹೊರಗ ಏನೂ ಹಾಕಬಾರ್ದು ಅಂತ ಬರಕೊಡು.’

ನಾನು ಕಾಲೇಜು ಓದಿದವಳು. ಕಾರಣವಿಲ್ಲದೆ ನಿಯಮ ಬರೆದರೆ ಚೆನ್ನಾಗಿರುವುದಿಲ್ಲ ಎಂದು ಅವರಿಗೆ ಹೇಳಿದೆ. ಯಾಕೆ ಇಡಬಾರದು ಅಂತ ಬರೆಯಲಿ ಎಂದು ಕೇಳಿದೆ. ಅವರು ಹೆಗಲ ಮೇಲಿನ ಟವೆಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. ನನ್ನ ತಲೆಯ ಮೇಲಿಂದ ನಮ್ಮ ಹಾಲಿನ ಕಿಟಕಿಯ ಕಡೆ ನೋಡಿದರು. ಏನನ್ನೋ ಹೇಳಲು ಬಾಯಿ ತೆರೆದವರು, ‘ಏನರ ಬರಿಯವ್ವ. ಚಂದ ಕಾಣ್ಲಿ ಅಂತ ಬರಿ’ ಎಂದು ಮೆಟ್ಟಿಲಿಳಿದರು.

ಬರೆದೆ. ಎರಡು ಸಂಜೆ ಕೂತು, ಮೂರು ಸಲ ಹರಿದು ಹಾಕಿ ಬರೆದೆ. ಅದರ ಆರಂಭ ಇಂದಿಗೂ ಬಾಯಿಪಾಠವಿದೆ: ‘ಕಟ್ಟಡದ ಅಂದ ಕಾಪಾಡುವ ದೃಷ್ಟಿಯಿಂದ’. ಅದನ್ನು ಬರೆದ ಖುಷಿಯಲ್ಲಿ ಅವತ್ತು ಗಂಡನಿಗೆ ಓದಿ ಹೇಳಿದ್ದೆ. ಅವರು ಉಣ್ಣುತ್ತಾ, ಕೋರ್ಟಿನ ಕಾಗದ ಇದ್ದಂಗೈತಿ ಎಂದರು. ನಾನು ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡೆ. ಪೇಂಟರು ನೀಲಿ ಬಣ್ಣದಲ್ಲಿ ಅದನ್ನು ಬೋರ್ಡಿಗೆ ಇಳಿಸಿದ.

ಬೋರ್ಡು ಬಂದ ಮೇಲೆ ಮನೆಯಲ್ಲಿ ನ್ಯಾಯಾಲಯ ಶುರುವಾಯಿತು. ಲಾರಿಯವರು ಚಡ್ಡಿ ತೆಗೆದು, ಕೆಂಪು ದೂಳು ಒಳಗೆ ಬಾರದಂತೆ ಅಂತ ಒದ್ದೆ ಸೀರೆ ಕಟ್ಟಿದರು. ಇದು ಪರದೆ, ವಸ್ತುವಲ್ಲ ಎಂಬುದು ಅವರ ವಾದ. ನಾನು ಹಾಲಿನ ಪುಡಿಯ ಬಾಟಲಿಯಲ್ಲಿ ಮನಿಪ್ಲಾಂಟ್ ಇಟ್ಟಿದ್ದೆ. ಗಿಡ ಜೀವವುಳ್ಳದ್ದು, ಅದನ್ನು ವಸ್ತುವೆನ್ನಲಾಗದು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಯಾವ ತಂಟೆ ಬಂದರೂ ಬೋರ್ಡು ಬರೆದವಳು ಎಂದು ನನ್ನನ್ನು ಮೆಟ್ಟಿಲ ಮೇಲೆ ಕರೆದು ಅರ್ಥ ಕೇಳುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಅದು ಹಿಡಿಸುತ್ತಿತ್ತು.

ಯಶೋದಕ್ಕ ಆ ವರ್ಷ ತನ್ನ ಶಾಲೆಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದಳು. ಬಜಾರಿನಲ್ಲಿ ವಿದೇಶದವರಿಗೆಂದು ಮಾರುವ ಅಂಗಡಿಯಲ್ಲಿ ಒಂದು ಗೇಣುದ್ದದ ಕಲ್ಲಿನ ಬುದ್ಧ ಸಿಕ್ಕಿದ. ಅಂಗಡಿಯವ ಇವಳ ಜೊತೆ ಇಂಗ್ಲಿಷಿನಲ್ಲೇ ಚೌಕಾಸಿ ಮಾಡಿದನಂತೆ. ಬುದ್ಧನನ್ನು ಕೇಳುವ ಕನ್ನಡದವಳನ್ನು ಅವನು ಕಂಡಿರಲಿಲ್ಲವೇನೋ. ತಂದು ಹಾಲಿನ ಕಿಟಕಿಯ ಒಳಗಟ್ಟೆಯ ಮೇಲೆ, ರಸ್ತೆಗೆ ಮುಖ ಮಾಡಿ ಇಟ್ಟಳು. ಮರುದಿನ ಬೆಳಿಗ್ಗೆ ಸಾವಕಾರರು ರಸ್ತೆಯ ಆಚೆ ನಿಂತು ನೋಡಿದರು. ಮೇಲೆ ಬಂದರು. ಮೂರ್ತಿ ಒಳಗೆ ತೆಗೆಯಬೇಕು, ಬೋರ್ಡ್ ಐತಲ್ಲ ಎಂದರು.

ಅವಳು ಒಳಗೇ ಐತಲ್ರಿ ಎಂದಳು. ಗಾಜಿನ ಒಳಗೆ, ಸರಳಿನ ಒಳಗೆ. ಅವರು ರಸ್ತೆಗೆ ಕಾಣಬಾರದು ಎಂದರು. ಕೆಳಗಿನ ಬಾಗಿಲಲ್ಲಿ ಹಲ್ಲು ಕಿರಿಯುವ ಮಾರಿ ಕಾಣಬಹುದಾದರೆ ಕಣ್ಣು ಮುಚ್ಚಿ ಕೂತವನು ಯಾಕೆ ಕಾಣಬಾರದು ಎಂದು ಅವಳು ಮೆತ್ತಗೆ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಧ್ವನಿಯಲ್ಲೇ ಕೇಳಿದಳು. ಎದುರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಅವರು ನೋಡಿದರು. ಅವಳೂ ನೋಡಿದಳು. ನಾನು, ‘ಕಿಟಕಿಯಲ್ಲಿ’ ಎಂದರೆ ಗಾಜಿನ ಒಳಗೂ ಹೊರಗೂ ಎರಡೂ ಸೇರುತ್ತದೆ ಎಂದು ನಿಯಮ ವಿವರಿಸಿದೆ. ನಿಜಕ್ಕೂ ವಿವರಿಸಿದೆ. ನನ್ನ ಮನಿಪ್ಲಾಂಟು ಆಗ ನನ್ನ ಬೆನ್ನ ಹಿಂದೆಯೇ ಇತ್ತು.

ಅವಳು ಮೂರ್ತಿಯನ್ನು ಎತ್ತಿ ಟಿ.ವಿ.ಯ ಮೇಲಿಟ್ಟಳು. ಅವತ್ತು ರಾತ್ರಿ ರೊಟ್ಟಿ ಕೊಡಲು ಬಂದಾಗ ಒಂದೇ ಮಾತು ಹೇಳಿದಳು. ‘ಕಟ್ಟಡದ ಅಂದ ಅಂತ ಬರದೀಯಲ್ಲ, ನಾವಿದ್ರ ಅಂದ ಕೆಡ್ತತೇನ್ಲೇ?’ ಲೇ ಎಂದಳಲ್ಲ, ಇನ್ನೂ ನನ್ನ ಮೇಲೆ ಸಿಟ್ಟಾಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ರೊಟ್ಟಿಗಳು ಎಂದಿನಂತೆ ದುಂಡಗಿದ್ದವು. ಆ ಮಾತು ಮಾತ್ರ ಎಷ್ಟೋ ದಿನ ನನ್ನ ಅಡುಗೆಮನೆಯಲ್ಲೇ ಉಳಿಯಿತು.

ಮರುದಿನ ಮನಿಪ್ಲಾಂಟನ್ನು ಹಿಂದಿನ ಬಾಲ್ಕನಿಗೆ ಸಾಗಿಸಿದೆ. ಅದೊಂದು ಪ್ರಾಯಶ್ಚಿತ್ತ ಎಂದು ನನ್ನ ಲೆಕ್ಕ. ಗಿಡ ಬಾಡಿತು.

ಇನ್ನು ಆ ದಿನದ ಮಾತು. ಬುದ್ಧಪೂರ್ಣಿಮೆ, ಬೇಸಿಗೆ ರಜೆ. ನನಗೂ ಭಾನುವಾರ. ಇಬ್ಬರ ಗಂಡಂದಿರೂ ಕೆಲಸದ ಮೇಲೆ. ಮಧ್ಯಾಹ್ನ ಉಂಡು ಕೈ ತೊಳೆಯುವಷ್ಟರಲ್ಲಿ ಕರೆಂಟು ಹೋಗಿತ್ತು. ಆಗೆಲ್ಲ ಅದು ಯಾವಾಗ ಹೋಗಬೇಕೋ ಆಗ ಸರಿಯಾಗಿ ಹೋಗುತ್ತಿತ್ತು, ಬರುವುದು ಮಾತ್ರ ಅದರ ಇಷ್ಟ. ಕೂಗಳತೆಯಲ್ಲಿ ಡ್ಯಾಮು ಇಟ್ಟುಕೊಂಡು ನಾವು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದೆವು.

ಯಶೋದಕ್ಕ ಹೊಸ ಬಿಳಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಐದು ಬಣ್ಣದ ಬಟ್ಟೆ ಜೋಡಿಸಿ ತಾನೇ ಹೊಲಿದ ಉದ್ದನೆಯ ಬೌದ್ಧ ಪತಾಕೆ. ಅದನ್ನು ಈವತ್ತೊಂದು ದಿನ ಮುಂದಿನ ಕಿಟಕಿಯಿಂದ ಹಾರಿಸಬೇಕು ಎಂದಳು. ಅಪ್ಪ ಇದ್ದಾಗ ಅವರ ಗುಡಿಸಲಿನ ಮೇಲೂ ಇದು ಹಾರುತ್ತಿತ್ತಂತೆ. ಗುಡಿಸಲಿನಲ್ಲಿದ್ದಾಗ ಹಾರಿಸಿದ್ದನ್ನು ಆರ್‌ಸಿಸಿ ಮನೆಗೆ ಬಂದ ಮೇಲೆ ಮಡಿಚಿಡಬೇಕಾ ಎಂದು ಕೇಳಿದಳು. ‘ಆ ರೂಲ್ಸು ಬರದಾಕಿ ನೀನು. ನೀನ ಹೇಳು. ಬ್ಯಾಡಂದ್ರ ಒಳಗಿಡ್ತೀನಿ. ಆದ್ರ ಮುಂದಿನ ತಿಂಗಳು ಮನಿ ಖಾಲಿ ಮಾಡ್ತೀನಿ. ಮುಖ ತೋರಿಸಲಾರದ ಮನ್ಯಾಗ ನಾ ಇರಂಗಿಲ್ಲ.’

ಅವಳಿಲ್ಲದ ಆ ಎದುರು ಬಾಗಿಲನ್ನು ನೆನೆದೇ ನನಗೆ ಅಳು ಬಂದಂತಾಯಿತು. ಹಾಕಕ್ಕ ಎಂದೆ. ಸಾವಕಾರರು ಕಂಪ್ಲಿಗೆ ಹೋಗಿದ್ದಾರೆ, ಬಂದರೆ ನಾನು ಮಾತಾಡುತ್ತೇನೆ ಎಂದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಕಟ್ಟಲು ಕೋಲು ಬೇಕಲ್ಲ ಎಂದು ಅವಳು ನೋಡುತ್ತಿದ್ದಾಗ ನಾನೇ ಓಡಿಹೋಗಿ ನಮ್ಮ ಹಾಲಿನ ಪರದೆ ಕಳಚಿ ಅದರ ಸ್ಟೀಲ್ ಪೈಪು ತಂದುಕೊಟ್ಟೆ. ಎಂಟು ಅಡಿ ಉದ್ದ, ಹೊಸದು, ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಪತಾಕೆ ಪೋಣಿಸಿದಾಗ ಇಬ್ಬರೂ ಚಪ್ಪಾಳೆ ಹೊಡೆದೆವು.

ಅವಳು ಸರಳಿನ ಸಂದಿಯಿಂದ ಪೈಪನ್ನು ಹೊರಗೆ ತೂರಿಸಿ ಹಿಡಿಯುವುದು, ನಾನು ರಸ್ತೆಯ ಆಚೆ ನಿಂತು ಸರಿಯಾಗಿದೆಯೋ ಇಲ್ಲವೋ ಹೇಳುವುದು ಎಂದಾಯಿತು. ನಾನು ಇಳಿದೆ. ಸಾವಕಾರರು ದಿನಾ ನಿಲ್ಲುವ ಜಾಗದಲ್ಲೇ ನಿಂತೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದೆ. ಪತಾಕೆ ಗೋಡೆಗೆ ಅಂಟಿಕೊಂಡು ಮುದುಡುತ್ತಿತ್ತು. ಸ್ವಲ್ಪ ಮುಂದಕ್ಕ ಅಕ್ಕ ಎಂದೆ. ಅವಳು ತಳ್ಳಿದಳು. ಗಾಳಿಗೆ ಅರ್ಧ ಬಿಚ್ಚಿಕೊಂಡಿತು. ನೀಲಿ, ಹಳದಿ ಕಂಡವು, ಉಳಿದವು ಕಾಣಲಿಲ್ಲ.

‘ಇನ್ನಾ ಸ್ವಲ್ಪ ಮುಂದಕ್ಕ’ ಎಂದೆ.

ಈ ಮೂರು ಮಾತನ್ನು ನಾನು ಎಷ್ಟು ಸಲ ಹಿಂದಕ್ಕೆ ಕರೆದಿದ್ದೇನೋ ಲೆಕ್ಕವಿಲ್ಲ. ಅಕ್ಕಿ ಆರಿಸುವಾಗ, ಬಸ್ಸಿನಲ್ಲಿ ಕೂತಾಗ, ಮಗಳ ಜಡೆ ಹಾಕುವಾಗ ಅವು ಬರುತ್ತವೆ. ಪ್ರತಿ ಸಲವೂ ನಾನು ಅವನ್ನು ಹೇಳುವ ಮೊದಲೇ ಬಾಯಿ ಮುಚ್ಚಿಕೊಳ್ಳಲು ನೋಡುತ್ತೇನೆ. ಪ್ರತಿ ಸಲವೂ ಹೇಳಿಬಿಡುತ್ತೇನೆ.

ಪೈಪು ಮುಂದೆ ಬಂತು. ಟಕ್ ಎಂದು ಒಂದು ಸಣ್ಣ ಸದ್ದಾಯಿತು. ಚಮಚ ಲೋಟಕ್ಕೆ ತಾಗಿದಷ್ಟು. ಪೈಪಿನ ತುದಿ ತಂತಿಯ ಮೇಲೆ ಕೂತಿತ್ತು. ಪತಾಕೆ ಪೂರ್ತಿ ಬಿಚ್ಚಿಕೊಂಡು ಐದೂ ಬಣ್ಣ ಕಂಡವು. ಚಂದ ಕಾಣುತ್ತಿತ್ತು. ಅವಳು ಸರಳಿನ ಹಿಂದಿನಿಂದ ಹೆಂಗೈತಿ ಎಂದು ಕೇಳಿದಳು. ನಾನು ಮಸ್ತ್ ಐತಿ, ಅಲ್ಲೇ ಇರಲಿ, ಅಲುಗಾಡಿಸಬ್ಯಾಡ ಎಂದೆ.

ಹಿಂದೆ ಮೊಪೆಡ್ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಪಂಪಣ್ಣ ಸಾವಕಾರರು. ಗಾಡಿ ರಸ್ತೆಯಲ್ಲಿ ಉರುಳಿ ಚಕ್ರ ಇನ್ನೂ ತಿರುಗುತ್ತಿತ್ತು. ಅವರು ಮೇಲೆ ನೋಡುತ್ತಾ ಬಾಯಿ ತೆರೆದಿದ್ದರು. ಧ್ವನಿ ಬರಲಿಲ್ಲ. ಆಮೇಲೆ ಓಡಿದರು. ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಿದ್ದ ಮನುಷ್ಯ ಚಪ್ಪಲಿ ಬಿಟ್ಟು ಎರಡು ಮಹಡಿ ಓಡಿ ಹತ್ತಿದರು. ನಿಯಮ ಮುರಿದದ್ದಕ್ಕೆ ಇಷ್ಟು ಸಿಟ್ಟೇ ಎಂದುಕೊಂಡು ನಾನೂ ಅವರ ಹಿಂದೆ ಓಡಿದೆ. ಓಡುತ್ತಲೇ ವಾದ ಜೋಡಿಸುತ್ತಿದ್ದೆ. ಪತಾಕೆ ತಾತ್ಕಾಲಿಕ, ಆದ್ದರಿಂದ ನಿಯಮದ ವ್ಯಾಪ್ತಿಗೆ ಬರುವುದಿಲ್ಲ ಎಂಬ ವಾಕ್ಯ ನನ್ನ ಬಳಿ ಸಿದ್ಧವಿತ್ತು. ನನ್ನ ಬಗ್ಗೆ ನಾನು ನಿಮ್ಮಿಂದ ಮುಚ್ಚಿಡಬಹುದಾಗಿದ್ದ ಸಂಗತಿಗಳಲ್ಲಿ ಇದೂ ಒಂದು.

ಯಶೋದಕ್ಕ ಎರಡೂ ಕೈಯಲ್ಲಿ ಪೈಪು ಹಿಡಿದು ನಿಂತಿದ್ದಳು. ಸಾವಕಾರರು ಅವಳ ಹೊಸ್ತಿಲು ದಾಟಿ ಹಾಲಿನ ನಡುವೆ ನಿಂತರು. ಮೊದಲ ಬಾರಿ ದಾಟಿದ್ದು.

‘ಯವ್ವಾ, ಅದನ್ನ ಒಳಗ ತಗೊ’ ಎಂದರು. ಉಸಿರಿನ ನಡುವೆ ಮಾತು ಸಿಕ್ಕಿಕೊಳ್ಳುತ್ತಿತ್ತು.

‘ತಗಳಂಗಿಲ್ರಿ’ ಎಂದಳು ಅವಳು, ತಿರುಗಿಯೂ ನೋಡದೆ. ‘ಈ ಸಲ ನಾ ತಗಳಂಗಿಲ್ಲ.’

‘ರೂಲ್ಸ್ ಮಾತಲ್ಲವ್ವ.’

‘ಮತ್ತೇನ್ರಿ?’

ಅವರು ಕೈ ಮುಗಿದರು. ಎಪ್ಪತ್ತರ ಹತ್ತಿರದ ಮನುಷ್ಯ, ವಿಭೂತಿಯೆಲ್ಲ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. ‘ತಂತಿ ಐತಿ ತಾಯಿ ಅದು. ದೊಡ್ಡ ಲೈನು. ಮನಿ ಕರೆಂಟಿಂದಲ್ಲ. ನಾನ ಗೋಡಿ ಮುಂದಕ್ಕ ತಂದೀನಿ. ಕರೆಂಟ್ ಈಗ ಬಂದ್ರ ನೀ ಉಳಿಯಂಗಿಲ್ಲ. ನಿನ್ ಬಟ್ಟಿ ನನ್ ಬಾಗಿಲಿಗೆ ಹಾಕು, ನನ್ ತಲಿಗೆ ಸುತ್ತು. ಆ ಪೈಪ್ ಒಳಗ ತಗೊ.’

ಅವಳು ಆಗ ಪೈಪಿನ ಉದ್ದಕ್ಕೂ ಕಣ್ಣು ಹಾಯಿಸಿ ಅದರ ತುದಿಯನ್ನು ನೋಡಿದಳು. ನಾನೂ ನೋಡಿದೆ. ಅಷ್ಟು ತಿಂಗಳು ಅದೇ ಕಿಟಕಿಯಿಂದ ಕಾಗೆ ನೋಡಿದ ನಾವಿಬ್ಬರೂ ತಂತಿಯನ್ನು ನೋಡಿದ್ದು ಆಗಲೇ. ಅವಳು ಎಳೆಯತೊಡಗಿದಳು. ಒಂದು ಗೇಣು, ಕೈ ಬದಲಿಸಿ ಇನ್ನೊಂದು ಗೇಣು. ಪತಾಕೆ ಸರಳಿಗೆ ಸಿಕ್ಕಿಕೊಂಡಿತು. ಅವಳು ಅದನ್ನು ಹರಿಯದಂತೆ ಬಿಡಿಸಿಕೊಂಡಳು. ಹರಿದರೂ ಹರಿಯಲಿ, ಜಲ್ದಿ ಎಳಿ ಎಂದು ನಾನು ಹೇಳಬೇಕೆಂದಿದ್ದೆ. ನನ್ನ ನಾಲಿಗೆ, ಯಾವಾಗಲೂ ವಾಕ್ಯ ಸಿದ್ಧವಿರುವ ನಾಲಿಗೆ, ಅಂಗುಳಿಗೆ ಅಂಟಿತ್ತು. ಪೈಪು ಪೂರ್ತಿ ಒಳಗೆ ಬಂದು ನೆಲಕ್ಕೆ ತಾಗಿ ಟಣ್ ಎಂದಿತು.

ಮೂವರೂ ನಿಂತಲ್ಲೇ ಕೂತೆವು. ಸಾವಕಾರರು ನೀರು ಕೇಳಿದರು. ಅವಳು ಚೊಂಬಿನಲ್ಲಿ ತಂದುಕೊಟ್ಟಳು. ಅವರು ತಲೆ ಎತ್ತಿ ಗಟಗಟ ಕುಡಿಯುತ್ತಿದ್ದಾಗ ಮೇಲೆ ಫ್ಯಾನು ಒಮ್ಮೆ ಕಿರ್ ಎಂದಿತು. ಮೆಲ್ಲಗೆ ಒಂದು ಸುತ್ತು ತಿರುಗಿತು. ಆಮೇಲೆ ಜೋರಾಗಿ ತಿರುಗಿತು.

ಚೊಂಬು ಬಾಯಿಗೇ ಹಿಡಿದು ಅವರು, ಗೋಡೆಗೆ ಒರಗಿ ಅವಳು, ಬಾಗಿಲಲ್ಲಿ ಕೂತು ನಾನು, ಮೂವರೂ ಫ್ಯಾನನ್ನೇ ನೋಡಿದೆವು. ನೆಲದ ಮೇಲೆ ಬಿದ್ದಿದ್ದ ಪತಾಕೆ ಗಾಳಿಗೆ ಅಲುಗುತ್ತಿತ್ತು. ಆ ಮನೆಯ ಚೊಂಬಿನಲ್ಲಿ ಅವರು ನೀರು ಕುಡಿದದ್ದು ನಮ್ಮಲ್ಲಿ ಯಾರಿಗೂ ಆಗ ಹೊಳೆಯಲಿಲ್ಲ.

ಮಾತು ಬರುವ ಹೊತ್ತಿಗೆ ಅವರು ಎಲ್ಲವನ್ನೂ ಹೇಳಿದರು. ಗೋಡೆ ಮುಂದೆ ತಂದದ್ದು ತಪ್ಪು ಎಂದು ಕಟ್ಟುವಾಗಲೇ ಗೊತ್ತಿತ್ತು. ಲೈನು ಸರಿಸಿಕೊಡಿ ಎಂದು ಅರ್ಜಿ ಕೊಟ್ಟು ಅಲೆಯುತ್ತಿದ್ದರು. ಬಾಡಿಗೆಯವರಿಗೆ ಹೇಳಿದರೆ ಯಾರೂ ಇರುವುದಿಲ್ಲವೆಂಬ ಹೆದರಿಕೆ, ಹೇಳದಿದ್ದರೆ ಯಾರಾದರೂ ಕೈ ಚಾಚಿಯಾರೆಂಬ ಹೆದರಿಕೆ. ಅದಕ್ಕೇ ದಿನಾ ಬೆಳಿಗ್ಗೆ ಆಚೆ ನಿಂತು ಪ್ರತಿ ಕಿಟಕಿಯನ್ನೂ ನೋಡುತ್ತಿದ್ದರಂತೆ. ಯಾರು ಏನು ಹೊರಗೆ ಹಾಕಿದ್ದಾರೆ, ಹಗ್ಗ ಎಷ್ಟು ಸಡಿಲ, ಗಾಳಿ ಯಾವ ಕಡೆ. ನಾವು ಪರದೆಯ ಹಿಂದೆ ನಗುತ್ತಿದ್ದುದು ಅದಕ್ಕೆ.

ಯಶೋದಕ್ಕ ಎಲ್ಲ ಕೇಳಿಸಿಕೊಂಡಳು. ಆಮೇಲೆ ಟಿ.ವಿ.ಯ ಮೇಲಿದ್ದ ಮೂರ್ತಿಯ ಕಡೆ ಕೈ ತೋರಿಸಿದಳು. ‘ತಂತಿ ಹೊರಗ ಐತ್ರಿ ಸಾವಕಾರ್ರ. ಇವ ಗಾಜಿನ ಒಳಗಿದ್ದ. ಇವನ್ನ ಯಾಕ ತಗಸಿದ್ರಿ?’

ಅವರು ಚೊಂಬನ್ನು ನೆಲಕ್ಕಿಟ್ಟರು. ‘ಅದು ತಂತಿ ಮಾತಲ್ಲವ್ವ’ ಎಂದರು. ‘ಅದು ನಂದು.’

ಎದ್ದು, ನೆಲದ ಮೇಲಿನ ಪತಾಕೆಯನ್ನು ಪೈಪಿನಿಂದ ಕಳಚಿ ಹೆಗಲ ಮೇಲೆ ಹಾಕಿಕೊಂಡು, ಗೋಡೆ ಹಿಡಿಯುತ್ತಾ ಕೆಳಗಿಳಿದರು. ಅವರ ಬಾಗಿಲ ಮೇಲಿನ ದೃಷ್ಟಿಗೊಂಬೆಯ ಮೊಳೆಗೇ ಅದರ ಒಂದು ತುದಿ ಕಟ್ಟಿದರು. ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟು ಗೇಟಿಗೆ ಕಟ್ಟು ಎಂದರು. ಸಾವಕಾರರ ಹೆಂಡತಿ ಹೊರಗೆ ಬಂದು ಗಂಡನನ್ನೂ ಬಟ್ಟೆಯನ್ನೂ ನೋಡಿದರು. ಏನೂ ಕೇಳದೆ ಒಳಗೆ ಹೋಗಿ ಮೂರು ಲೋಟ ಮಜ್ಜಿಗೆ ತಂದು ನಮ್ಮ ಕೈಗೇ ಕೊಟ್ಟರು.

ಮಾರನೇ ದಿನ ಸಾವಕಾರರು ಎಲ್ಲರನ್ನೂ ಮೆಟ್ಟಿಲ ಹತ್ತಿರ ಕರೆದು ನಿಜ ಹೇಳಿದರು. ಒಂದನೇ ಮಹಡಿಯವರು ಅದೇ ತಿಂಗಳು ಖಾಲಿ ಮಾಡಿಕೊಂಡು ಹೋದರು. ಹೊಸ ಬೋರ್ಡು ಬರೆಯಲು ನನ್ನನ್ನೇ ಕೇಳಿದರು. ಈ ಸಲ ಒಂದೇ ಸಲಕ್ಕೆ, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದೆ. ‘ಮುಂದ ಕರೆಂಟ್ ತಂತಿ ಐತಿ. ಕಿಟಕ್ಯಾಗಿಂದ ಕೈ, ಬಟ್ಟಿ, ಕೋಲು ಏನೂ ಹೊರಗ ಹಾಕಬ್ಯಾಡ್ರಿ. ಜೀವಕ್ಕ ಅಪಾಯ.’ ಪೇಂಟರು ಇದನ್ನು ಶುದ್ಧ ಕನ್ನಡಕ್ಕೆ ತಿದ್ದಲಾ ಎಂದು ಕೇಳಿದ. ಬೇಡ ಎಂದೆ. ಮೇಲಿನ ಕಿಟಕಿಗಳಿಗೆ ಒಳಗಿನಿಂದ ಬಲೆ ಹೊಡೆಸಿದರು. ಮುಂದಿನ ಮಳೆಗಾಲದ ಹೊತ್ತಿಗೆ ಕಂಬ ಆಚೆ ಬದಿಗೆ ಹೋಯಿತು. ಕಾಗೆಗಳೂ ಆಚೆ ಹೋದವು.

ಯಶೋದಕ್ಕ ಖಾಲಿ ಮಾಡಲಿಲ್ಲ. ಕಲ್ಲಿನ ಬುದ್ಧ ಮತ್ತೆ ಕಿಟಕಿಯ ಒಳಗಟ್ಟೆಗೆ ಬಂದು ಕೂತ. ವರ್ಷ ವರ್ಷವೂ ಆ ದಿನ ಪತಾಕೆ ಕೆಳಗಿನ ಬಾಗಿಲಲ್ಲಿ ಹಾರುತ್ತಿತ್ತು. ನಾನೇ ಪೈಪು ಕೊಟ್ಟವಳು, ನಾನೇ ಮುಂದಕ್ಕ ಎಂದವಳು ಎಂದು ಅವಳ ಮುಂದೆ ಅತ್ತದ್ದು ವಾರಗಳ ಮೇಲೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ನೀ ಮುಂದಕ್ಕ ಅಂದಿ, ನಾ ತಳ್ಳಿದೆ. ಐದೂ ಬಣ್ಣ ಕಂಡ್ವಾ ಇಲ್ಲಾ?’ ಎಂದಳು. ಕಂಡವು ಎಂದೆ. ‘ಮತ್ತ ಅಳ್ತೀ ಯಾಕ. ಹಿಟ್ಟು ಕಲಸು’ ಎಂದಳು.

ಹೀಗೆ, ಆ ಹಾಳೆಯ ಆರನೆಯ ನಿಯಮದ ಮುಂದೆ ನಾನು ಕೂತಿದ್ದೆ. ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಒಂದೆರಡು ಕಡೆ ಚಿಹ್ನೆ ಸರಿಮಾಡಿ ಹಿಂದಿರುಗಿಸಬಹುದಿತ್ತು. ಅದರ ಪಕ್ಕದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಯಾಕೆ?’ ಎಂದು ಬರೆದೆ. ಅದೂ ಸಾಲದೆನಿಸಿ ಹಾಳೆ ಹಿಡಿದುಕೊಂಡೇ ಕೆಳಗಿಳಿದು, ಗೇಟು ದಾಟಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕೆಳಗಿನಿಂದ ಶುರು ಮಾಡಿ ಒಂದೊಂದೇ ಕಿಟಕಿ ನೋಡಿದೆ. ಒಂದರಲ್ಲಿ ಮಕ್ಕಳು ಅಂಟಿಸಿದ ಕಾಗದದ ಚಿಟ್ಟೆ. ಒಂದರಲ್ಲಿ ಯೇಸುವಿನ ಚಿತ್ರ. ನಾಲ್ಕನೆಯ ಮಹಡಿಯಲ್ಲಿ ಯಾರದೋ ಮನಿಪ್ಲಾಂಟ್, ಅದೂ ಬಾಟಲಿಯಲ್ಲೇ.

ವಾಚ್‌ಮನ್ ಕುರ್ಚಿ ಬಿಟ್ಟು ಗೇಟಿನ ತನಕ ಬಂದ. ನಾನು ನೋಡುತ್ತಿದ್ದ ಕಡೆಯೇ ತಾನೂ ತಲೆ ಎತ್ತಿ ನೋಡಿ, ನಮ್ ಬಿಲ್ಡಿಂಗ್ ಭಾಳ ಚಂದ ಕಾಣ್ತತಲ್ರೀ ಮೇಡಂ, ಎಂದು ನಕ್ಕ.

‘ಹೌದಪ್ಪ’ ಎಂದೆ. ‘ತಂತಿ ಎಲ್ಲೆಲ್ಲಿ ಅದಾವ ನೋಡಾಕತ್ತೀನಿ.’